ಆಯುಧ ಯಾರದು, ಬೋರ್ಡು ಯಾರಿಗೆ?

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. ಈ ನಾಲ್ಕು ತಾಲೂಕುಗಳ ಕಚೇರಿ ಮೆಟ್ಟಿಲು ಹತ್ತಿ ಇಳಿದವರು ನಾವು. ಜಾತಿ ಸರ್ಟಿಫಿಕೇಟಿಗೆ, ಪಹಣಿಗೆ, ಸ್ಕಾಲರ್‌ಶಿಪ್ಪಿಗೆ. ನಮ್ಮ ಮನೆಗಳಲ್ಲಿ ಡಿಗ್ರಿ ಓದಿದ ಮೊದಲನೆಯವರು ನಾವೇ ಆದ್ದರಿಂದ ಕೇರಿಯವರ ಅರ್ಜಿ ಬರೆಯುವ ಕೆಲಸವೂ ನಮ್ಮದೇ.

ಅಂಥ ಒಂದು ದಿನ ಒಂದು ಕಚೇರಿಯ ಬಾಗಿಲಲ್ಲಿ (ಊರಿನ ಹೆಸರು ಬೇಡ) ನಮ್ಮ ಜೊತೆ ಬಂದಿದ್ದ ಅಜ್ಜನನ್ನು ಜವಾನ ತಡೆದ. “ಏಯ್, ಚೀಲದಾಗೆ ಏನೈತೆ? ತೆಗಿ.” ಚೀಲದಲ್ಲಿದ್ದದ್ದು ಎರಡು ರೊಟ್ಟಿ, ಒಂದು ಅರ್ಜಿ, ಒಂದು ಕುಡುಗೋಲು. ಅಜ್ಜ ಹೊಲದಿಂದ ನೇರ ಬಂದಿದ್ದರು. ಜವಾನ ಗೋಡೆ ತೋರಿಸಿದ. ಕಚೇರಿಯೊಳಗೆ ಆಯುಧ ತರಬಾರದು ಅಂತ ಬೋರ್ಡು. ಅಜ್ಜನಿಗೆ ಓದಲು ಬಾರದು. ಕುಡುಗೋಲನ್ನು ಬೇವಿನ ಮರದ ಬುಡದಲ್ಲಿಟ್ಟರು. ಜೊತೆಗೆ ಚಪ್ಪಲಿಯನ್ನೂ ಬಿಟ್ಟರು. ಹೆಗಲ ಮೇಲಿನ ಟವೆಲು ಕಂಕುಳಿಗೆ ಸೇರಿತು. ಚಪ್ಪಲಿ ಬಿಡಿ ಅಂತ ಯಾವ ಬೋರ್ಡೂ ಹೇಳಿರಲಿಲ್ಲ.

ಒಳಗೆ ಸಾಹೇಬರ ಎದುರು ಕುರ್ಚಿಯಲ್ಲಿ ಒಬ್ಬ ಗೌಡರು ಕೂತಿದ್ದರು. ಪಕ್ಕದಲ್ಲಿ ಒರಗಿಸಿದ ಬಂದೂಕು. ಲೈಸೆನ್ಸು ರಿನ್ಯೂವಲ್ ಮಾಡಿಸಲು ತಂದದ್ದಂತೆ. ಇರಲಿ, ಅದು ಕಾನೂನಿನ ಕೆಲಸವೇ. ಆದರೆ ಬಂದೂಕನ್ನು ಬಾಗಿಲಲ್ಲಿ ಯಾರೂ ತಡೆಯಲಿಲ್ಲ, ಕುಡುಗೋಲನ್ನು ತಡೆದರು. ಜವಾನನ ಮೇಲೆ ನಮಗೆ ಸಿಟ್ಟಿಲ್ಲ. ಅವನೂ ನಮ್ಮಂಥದೇ ಮನೆಯವನಿರಬಹುದು. ಯಾರ ಕೈಯಲ್ಲಿದ್ದರೆ ಆಯುಧ, ಯಾರ ಕೈಯಲ್ಲಿದ್ದರೆ ಅಂತಸ್ತು ಎಂಬುದನ್ನು ಅವನ ಕಣ್ಣಿಗೆ ಕಲಿಸಿದವರು ಯಾರು? ಇದು ಚರಿತ್ರೆಯ ಪ್ರಶ್ನೆ.

ಮನೆಗೆ ಬಂದು 1959ರ ಆಯುಧ ಕಾಯ್ದೆ ತೆಗೆದು ನೋಡಿದೆವು. ಮನೆವಾರ್ತೆಗೆ, ಬೇಸಾಯಕ್ಕೆ ಅಂತಲೇ ಮಾಡಿದ ಸಾಮಾನು ಆಯುಧವಲ್ಲ ಅಂತ ಅದರ 2ನೇ ಸೆಕ್ಷನ್ನೇ ಹೇಳುತ್ತದೆ. ಲಾಠಿಯೂ ಊರುಗೋಲೂ ಆಯುಧವಲ್ಲ. ಅಂದಮೇಲೆ ಅಜ್ಜನ ಕುಡುಗೋಲು ಕಾಯ್ದೆಯ ಕಣ್ಣಲ್ಲಿ ಆಯುಧವೇ ಅಲ್ಲ.

ಈ ಮಾತು ಓದಿದಾಗ ನಮಗೆ ಥಟ್ಟನೆ ನೆನಪಾದವಳು ಓಬವ್ವ. ದುರ್ಗದಲ್ಲಿ ಹುಟ್ಟಿದವರಿಗೆ ಈ ಕಥೆ ಹೇಳಬೇಕಾಗಿಲ್ಲ. ಕೋಟೆ ಕಾಯುವ ಗಂಡ ಉಣ್ಣಲು ಬಂದಿದ್ದ. ನೀರಿಗೆ ಹೋದ ಛಲವಾದಿ ಹೆಣ್ಣುಮಗಳು ಕಿಂಡಿಯಲ್ಲಿ ನುಸುಳುತ್ತಿದ್ದ ಹೈದರಾಲಿಯ ಸಿಪಾಯಿಗಳನ್ನು ಕಂಡಳು, ಒನಕೆ ಹಿಡಿದು ನಿಂತಳು. ಕೋಟೆ ಕಾಯುವವನ ಮನೆಯಲ್ಲೂ ಅವಳ ಕೈಗೆ ಸಿಕ್ಕಿದ್ದು ಭತ್ತ ಕುಟ್ಟುವ ಒನಕೆ. ಇವತ್ತಿನ ಕಾಯ್ದೆಯ ಪ್ರಕಾರ ಓಬವ್ವ ನಿರಾಯುಧಳು! 2021ರಿಂದ ಸರ್ಕಾರ ನವೆಂಬರ್ 11ರಂದು ಅವಳ ಜಯಂತಿ ಆಚರಿಸುತ್ತಿದೆ. ದುರ್ಗದ ಸ್ಟೇಡಿಯಂ ಮೇಲೆ ಅವಳ ಹೆಸರಿದೆ. ಬೋರ್ಡಿನ ಮೇಲೆ ಅವಳಿಗೆ ಜಾಗ ಸಿಕ್ಕಿತು. ಅವಳ ಕುಲದವರಿಗೆ ಕಚೇರಿಯ ಕುರ್ಚಿ ಸಿಕ್ಕಿತೇ?

ಕೋಟೆ ಉಳಿಯಲಿಲ್ಲ. 1779ರಲ್ಲಿ ಮದಕರಿ ನಾಯಕ ಸೆರೆಯಾದ. ಹೈದರಾಲಿ ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ ಅಂತ ಗೆಜೆಟಿಯರ್ ಬರೆಯುತ್ತದೆ. ಗೆದ್ದವನಿಗೆ ಕಲ್ಲಿನ ಕೋಟೆಗಿಂತ ಆಯುಧ ಬಲ್ಲ ಕೈಗಳ ಭಯ ಹೆಚ್ಚು.

ಹೈದರ್ ಕೈಗಳನ್ನೇ ಸಾಗಿಸಿದ. ಬ್ರಿಟಿಷರು ಕೈಯೊಳಗಿನ ಆಯುಧ ಕಿತ್ತರು. 1857ರಲ್ಲಿ ಆಯುಧ ಒಪ್ಪಿಸಿ ಎಂಬ ಕಾನೂನು ಬಂತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು, ನಮ್ಮ ದುರ್ಗದ ಬೇಡರ ಬಳಗದವರೇ, ಒಪ್ಪಲಿಲ್ಲ. ಅವರಿಗೆ ಆಯುಧ ಅಂದರೆ ಬೇಟೆ, ಬೇಟೆ ಅಂದರೆ ಅನ್ನ. ನವೆಂಬರ್ ಕೊನೆಯಲ್ಲಿ ಕಂಪನಿ ಸೈನ್ಯ ಊರಿಗೆ ನುಗ್ಗಿತು, ಮನೆಗಳಿಗೆ ಬೆಂಕಿಯಿಟ್ಟಿತು. ಡಿಸೆಂಬರ್‌ನಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ಲಾವಣಿಕಾರರು ಹಾಡದಿದ್ದರೆ ಹಲಗಲಿ ನಮಗೆ ಬರೀ ಒಂದು ಫೈಲಾಗಿ ಉಳಿಯುತ್ತಿತ್ತು. ಆಮೇಲೆ 1878ರ ಆಯುಧ ಕಾಯ್ದೆ ದೇಶದ ಜನಕ್ಕೆಲ್ಲ ಲೈಸೆನ್ಸು ಹೇರಿ ಬಿಳಿಯರಿಗೆ ವಿನಾಯಿತಿ ಕೊಟ್ಟಿತು. ಚರ್ಮ ನೋಡಿ ಬಂದೂಕು!

ಹಾಗಾದರೆ ಇದು ಬಿಳಿಯರು ಕಲಿಸಿದ ಪಾಠವೇ? ಅಲ್ಲ. ಶೂದ್ರರ ಕೈಯಿಂದ ಆಯುಧವನ್ನೂ ಅಕ್ಷರವನ್ನೂ ದೂರ ಇಟ್ಟದ್ದರಿಂದಲೇ ಈ ನೆಲದಲ್ಲಿ ಸಾಮಾಜಿಕ ಕ್ರಾಂತಿ ಆಗಲಿಲ್ಲ ಎಂಬ ಅರ್ಥದ ಮಾತನ್ನು ಬಾಬಾಸಾಹೇಬರು 1936ರಲ್ಲೇ ‘ಜಾತಿ ವಿನಾಶ’ದಲ್ಲಿ ಹೇಳಿದ್ದರು. ನಮ್ಮ ಹಿರಿಯರ ಕೈಗೆ ಕೋಲು ಕೊಡಲಿಲ್ಲವೇ ಅಂತ ಯಾರಾದರೂ ಕೇಳಬಹುದು. ಕೊಟ್ಟರು ಸ್ವಾಮಿ. ತಳವಾರನಿಗೆ ಕೊಟ್ಟರು, ತೋಟಿಗೆ ಕೊಟ್ಟರು. ಬೇರೆಯವರ ಕಣ ಕಾಯಲು ಕೊಟ್ಟರು. ತನ್ನ ಗುಡಿಸಲು ಕಾಯಲು ಅಲ್ಲ. ಆ ಬಿಟ್ಟಿಚಾಕರಿಯನ್ನು ಕಾಗದದ ಮೇಲೆ ತೆಗೆದುಹಾಕಲು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬರಬೇಕಾಯಿತು.

ಹುಟ್ಟು ನೋಡಿ ಆಯುಧ ಕೊಡುವ ರೂಢಿ ಇನ್ನೂ ಮುಗಿದಿಲ್ಲ. ನಮ್ಮದೇ ರಾಜ್ಯದ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. 1861ರಲ್ಲಿ ಬ್ರಿಟಿಷರು ಕೊಟ್ಟದ್ದನ್ನು ಕೇಂದ್ರ ಸರ್ಕಾರ 2029ರ ತನಕ ಮುಂದುವರಿಸಿದೆ. ಅವರ ಮೇಲೆ ನಮಗೆ ಮತ್ಸರವಿಲ್ಲ. ಅದು ಅವರ ಸಂಸ್ಕೃತಿ ಅಂತ ಸರ್ಕಾರ ಒಪ್ಪಿದೆ. ಹಲಗಲಿಯವರದೂ ಸಂಸ್ಕೃತಿಯೇ ಆಗಿತ್ತು, ಅದಕ್ಕೆ ನೇಣು ಸಿಕ್ಕಿತು. ಅಷ್ಟನ್ನು ನೆನಪಿಸುತ್ತೇವೆ.

ಕಡಲಾಚೆಯ ಕಥೆಯೂ ಇದೇ. ಅಮೆರಿಕದಲ್ಲಿ ಬಂದೂಕನ್ನು ಬಟ್ಟೆಯೊಳಗೆ ಮರೆಮಾಡಿ ಒಯ್ಯಲು ಬೇರೆಯೇ ಲೈಸೆನ್ಸು ಉಂಟು. 1956ರಲ್ಲಿ ಮಾಂಟ್ಗೊಮರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಮನೆಗೆ ಬಾಂಬು ಬಿತ್ತು. ಅವರು ಆ ಲೈಸೆನ್ಸಿಗೆ ಅರ್ಜಿ ಹಾಕಿದರು. ಕೊಡಲಿಲ್ಲ. 1967ರ ಮೇ 2ರಂದು ಬ್ಲ್ಯಾಕ್ ಪ್ಯಾಂಥರ್ ಹುಡುಗರು ಬಂದೂಕು ಹಿಡಿದು ಕ್ಯಾಲಿಫೋರ್ನಿಯಾದ ಶಾಸನಸಭೆಯ ಕಟ್ಟಡ ಹೊಕ್ಕರು. ಅಲ್ಲಿಯವರೆಗೆ ತುಂಬಿದ ಬಂದೂಕನ್ನು ಬಹಿರಂಗವಾಗಿ ಹಿಡಿದು ತಿರುಗುವುದು ಅಲ್ಲಿ ಅಪರಾಧವಾಗಿರಲಿಲ್ಲ. ಕರಿಯರ ಕೈಯಲ್ಲಿ ಕಂಡದ್ದೇ ತಡ, ಅದೇ ವರ್ಷ ಗವರ್ನರ್ ರೇಗನ್ ನಿಷೇಧಕ್ಕೆ ಸಹಿ ಹಾಕಿದರು. ಆ ಪ್ಯಾಂಥರ್ ಹೆಸರನ್ನೇ 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ಎತ್ತಿಕೊಂಡು ದಲಿತ ಪ್ಯಾಂಥರ್ಸ್ ಆದರು.

ಅಲ್ಲಿಂದ ಕಲಿಯಬೇಕಾದ ಇನ್ನೊಂದು ಸಂಗತಿಯುಂಟು, ಅದು ಬೋರ್ಡಿನದು. ಮರೆಮಾಡಿದ ಬಂದೂಕಿನೊಂದಿಗೆ ಒಳಗೆ ಬರಬೇಡಿ ಅನ್ನುವ ಬೋರ್ಡು ಟೆಕ್ಸಾಸ್‌ನಲ್ಲಿ ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಇರಬೇಕು, ಅಕ್ಷರ ಒಂದು ಇಂಚಿಗೆ ಕಮ್ಮಿ ಇರಬಾರದು. ಹಕ್ಕಿಲ್ಲದ ಕಡೆ ಆ ಬೋರ್ಡು ತೂಗಿಹಾಕಿದ ಸರ್ಕಾರಿ ಕಚೇರಿಗೇ ದಂಡ ಅಂತ 2015ರಲ್ಲಿ ಕಾನೂನು ಮಾಡಿದರು. ಅಲ್ಲಿಯ ಬಂದೂಕಿನ ಹುಚ್ಚು ನಮಗೆ ಬೇಡ. ಆದರೆ ಬೋರ್ಡೂ ಕಾನೂನಿಗೆ ಉತ್ತರ ಹೇಳಬೇಕು ಎಂಬ ಮಾತು ನಮಗೆ ಬೇಕು. ಇಲ್ಲಿ ಬರೆಯದೇ ಇರುವ ಬೋರ್ಡುಗಳೇ ಗಟ್ಟಿ. 2019ರಲ್ಲಿ ಚಿತ್ರದುರ್ಗದ ಸಂಸದರನ್ನೇ, ದಲಿತರೆಂಬ ಕಾರಣಕ್ಕೆ, ಪಾವಗಡ ತಾಲೂಕಿನ ಒಂದು ಹಟ್ಟಿಯೊಳಕ್ಕೆ ಬಿಡಲಿಲ್ಲ. ಅಲ್ಲಿ ಯಾವ ಬೋರ್ಡು ಇತ್ತು?

ಈಗ ನಮ್ಮ ಕಾನೂನಿಗೆ ಬರೋಣ. ಲೈಸೆನ್ಸಿದ್ದವನೂ ಜಾತ್ರೆಗೆ, ಮೆರವಣಿಗೆಗೆ, ಶಾಲೆ ಕಾಲೇಜಿನ ಆವರಣಕ್ಕೆ ವಿಶೇಷ ಅನುಮತಿ ಇಲ್ಲದೆ ಬಂದೂಕು ಒಯ್ಯುವಂತಿಲ್ಲ. ಲೈಸೆನ್ಸಿನ ಷರತ್ತೇ ಅದು. ಸಾರ್ವಜನಿಕ ಜಾಗದಲ್ಲಿ ಒಯ್ದರೂ ಒರೆಯಲ್ಲೋ ಚೀಲದಲ್ಲೋ ಪೂರ್ತಿ ಮುಚ್ಚಿರಬೇಕು ಅಂತ 2016ರ ನಿಯಮಗಳು ಹೇಳುತ್ತವೆ. ಹೆಗಲಿಗೆ ನೇತುಹಾಕಿ ಕೇರಿಯ ಮುಂದೆ ತಿರುಗುವ ಗತ್ತು ಕಾನೂನಿನಲ್ಲಿಲ್ಲ. ಸಾಕಷ್ಟು ಆಸ್ತಿ ಇಲ್ಲ ಎಂಬ ಒಂದೇ ಕಾರಣಕ್ಕೆ ಯಾರಿಗೂ ಲೈಸೆನ್ಸು ನಿರಾಕರಿಸಬಾರದು ಅಂತ 1959ರ ಕಾಯ್ದೆಯ 14ನೇ ಸೆಕ್ಷನ್ ಹೇಳುತ್ತದೆ. ಇದನ್ನು ನಮ್ಮ ಅಪ್ಪಂದಿರಿಗೆ ಯಾರು ಹೇಳಿದರು?

ಎಲ್ಲಕ್ಕಿಂತ ದೊಡ್ಡದು ಇನ್ನೊಂದಿದೆ. 1989ರ ದೌರ್ಜನ್ಯ ತಡೆ ಕಾಯ್ದೆಯ ಕೆಳಗೆ 1995ರಲ್ಲಿ ನಿಯಮಗಳು ಬಂದವು. ಅದರ 3ನೇ ನಿಯಮ ಓದಿ. ದಲಿತರ ಮೇಲೆ ದೌರ್ಜನ್ಯ ನಡೆಯಬಹುದಾದ ಜಾಗಗಳನ್ನು ಸರ್ಕಾರ ಗುರುತಿಸಬೇಕು. ಅಗತ್ಯ ಕಂಡರೆ ಅಲ್ಲಿನ ದಲಿತೇತರರ, ಅವರ ಹತ್ತಿರದ ನೆಂಟರ, ಆಳುಗಳ, ಸ್ನೇಹಿತರ ಬಂದೂಕು ಲೈಸೆನ್ಸು ರದ್ದು ಮಾಡಿ ಬಂದೂಕುಗಳನ್ನು ಸರ್ಕಾರಿ ಶಸ್ತ್ರಾಗಾರಕ್ಕೆ ಸೇರಿಸಬೇಕು. ಅಗತ್ಯ ಕಂಡರೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಪ್ರಾಣ, ಆಸ್ತಿ ಉಳಿಸಿಕೊಳ್ಳಲು ಲೈಸೆನ್ಸು ಕೊಡಬೇಕು. ಸಾವಿರಾರು ವರ್ಷ ನಮ್ಮ ಕೈ ಖಾಲಿ ಇಟ್ಟ ನಾಡಿನಲ್ಲಿ ಹೀಗೊಂದು ಸಾಲು ಅಚ್ಚಾಗಿದೆ! ಲಂಚ ಕೊಡಬೇಡಿ ಅನ್ನುವ ಬೋರ್ಡು ನೋಡಿದ್ದೇವೆ. ಅಸ್ಪೃಶ್ಯತೆ ಅಪರಾಧ ಅನ್ನುವ ಬರಹ ನೋಡಿದ್ದೇವೆ. ಈ 3ನೇ ನಿಯಮ ಮಾತ್ರ ನಾವು ಹತ್ತಿದ ಯಾವ ಮೆಟ್ಟಿಲ ಬಳಿಯೂ ಕಣ್ಣಿಗೆ ಬಿದ್ದಿಲ್ಲ.

ಗೆಳೆಯರು ಕೇಳುತ್ತಾರೆ: ನಿಮಗೂ ಬಂದೂಕು ಬೇಕಾ? ನಾವು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವುದಿಲ್ಲ. 2000ದ ಮಾರ್ಚ್‌ನಲ್ಲಿ ಕಂಬಾಲಪಲ್ಲಿಯಲ್ಲಿ 7 ಜನ ದಲಿತರನ್ನು ಮನೆಯೊಳಗೇ ಸುಟ್ಟರು. ಅದಕ್ಕೆ ಬಂದೂಕು ಬೇಕಾಗಲಿಲ್ಲ. ಬೆಂಕಿಗೆ ಲೈಸೆನ್ಸು ಕೇಳುವವರಿಲ್ಲ. 2006ರಲ್ಲಿ ಕೆಳಗಿನ ಕೋರ್ಟು ಆರೋಪಿಗಳನ್ನು ಬಿಟ್ಟಿತು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಕೇರಿಗೊಂದು ಬಂದೂಕು ಬಂದರೆ ಈ ವ್ಯವಸ್ಥೆ ಬದಲಾಗುತ್ತದೆ ಅಂತ ನಂಬುವಷ್ಟು ಪೆದ್ದರು ನಾವಲ್ಲ. ಬಂದೂಕು ಬಂದ ಮನೆಯಲ್ಲಿ ಮೊದಲು ಹೆದರುವವರು ಹೆಂಗಸರು, ಮಕ್ಕಳು ಎಂಬುದೂ ಗೊತ್ತು. ನಮಗೆ ಬೇಕಾದದ್ದು ಆ ನಿಯಮದ ಮೊದಲ ಅರ್ಧ. ನಮ್ಮನ್ನು ಹೆದರಿಸುವ ಕೈಯಿಂದ ಆಯುಧ ಕೆಳಗಿಳಿಯಲಿ. ಇನ್ನರ್ಧ ನಮ್ಮ ಹಕ್ಕಾಗಿ ಗೋಡೆಯ ಮೇಲಿರಲಿ. ಬಳಸುವುದೋ ಬಿಡುವುದೋ ನಾವು ತೀರ್ಮಾನಿಸುತ್ತೇವೆ.

ಅದಕ್ಕೇ ಮಾಹಿತಿ ಹಕ್ಕಿನ ಅರ್ಜಿ ಬರೆದಿದ್ದೇವೆ. ಈ ನಾಲ್ಕು ತಾಲೂಕುಗಳಲ್ಲಿ 1995ರಿಂದ ಈಚೆಗೆ 3ನೇ ನಿಯಮದ ಕೆಳಗೆ ಯಾವ ಯಾವ ಊರು ಗುರುತಿಸಿದ್ದೀರಿ? ಎಷ್ಟು ಲೈಸೆನ್ಸು ರದ್ದಾದವು? ಎಷ್ಟು ಲೈಸೆನ್ಸು ನಮ್ಮವರಿಗೆ ಕೊಟ್ಟಿರಿ? ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಬಂದ ಉತ್ತರವನ್ನು ಕೇರಿ ಕೇರಿಯಲ್ಲಿ ಓದಿ ಹೇಳುತ್ತೇವೆ. ಬರದಿದ್ದರೆ ಅದನ್ನೂ ಹೇಳುತ್ತೇವೆ.

ಆ ದಿನ ಸಂಜೆ ಕಚೇರಿಯಿಂದ ಹೊರಗೆ ಬಂದಾಗ ಬೇವಿನ ಬುಡದಲ್ಲಿ ಚಪ್ಪಲಿ ಇತ್ತು, ಕುಡುಗೋಲು ಇರಲಿಲ್ಲ. ಅಜ್ಜ ಸುತ್ತ ಹುಡುಕಿದರು. ಕೊನೆಗೆ, “ನಾಳೆ ಕೊಯ್ಲು ಐತಲ್ಲಪ್ಪಾ” ಅಂದರು. ಅರ್ಜಿ ಕೊಡಲು ಹೋದಾಗ ಮತ್ತೆ ಅವರನ್ನೇ ಕರೆದುಕೊಂಡು ಹೋಗುತ್ತೇವೆ. ಈ ಸಲ ಚಪ್ಪಲಿ ಮೆಟ್ಟಿಕೊಂಡೇ ಒಳಗೆ ಹೋಗುತ್ತೇವೆ.