ಕೆಂಪೆ, ಸಿ. ಹೆನ್ರಿ

1922-84. ಹೆತ್ತವರ ಕೈಯಲ್ಲೇ ಏಟು ತಿಂದು ಆಸ್ಪತ್ರೆ ಸೇರುವ ಮಕ್ಕಳ ಸಂಗತಿಯನ್ನು ವೈದ್ಯಶಾಸ್ತ್ರ ಎದುರಿಸುವಂತೆ ಮಾಡಿದ ಅಮೆರಿಕದ ಮಕ್ಕಳ ತಜ್ಞ. ಹುಟ್ಟಿದ್ದು ಆಗ ಜರ್ಮನಿಗೆ ಸೇರಿದ್ದ ಬ್ರೆಸ್ಲಾವ್ ನಗರದ ಯಹೂದಿ ಮನೆತನದಲ್ಲಿ. ನಾಟ್ಸಿಗಳ ಕಾಲದಲ್ಲಿ ದೇಶ ಬಿಟ್ಟು ಅಮೆರಿಕ ಸೇರಿ, 1945ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದ. 1956ರಲ್ಲಿ, ಮೂವತ್ತನಾಲ್ಕರ ಪ್ರಾಯದಲ್ಲೇ, ಕೊಲರಾಡೊ ವಿಶ್ವವಿದ್ಯಾಲಯದ ಮಕ್ಕಳ ವೈದ್ಯ ವಿಭಾಗದ ಮುಖ್ಯಸ್ಥನಾದ. ಈತನ ಮೊದಲ ಆಸಕ್ತಿ ಸಿಡುಬು. ರೋಗಿಗಳ ಮನೆಯವರಿಗೆ ಸಿಡುಬು ತಗುಲದಂತೆ ಗಾಮಾ ಗ್ಲಾಬ್ಯುಲಿನ್ ಚುಚ್ಚುಮದ್ದು ಕೊಡುವ ಪ್ರಯೋಗಗಳನ್ನು ಮದರಾಸಿನಲ್ಲಿ ಅಲ್ಲಿನ ವೈದ್ಯರ ಜೊತೆಗೂಡಿ ನಡೆಸಿದ್ದ.

ವಿಶ್ವವಿದ್ಯಾಲಯದ ಡೆನ್ವರ್ ಆಸ್ಪತ್ರೆಗೆ ಬರುತ್ತಿದ್ದ ಕೆಲವು ಕೂಸುಗಳ ಮೈತುಂಬ ಬಾಸುಂಡೆ, ತಲೆಬುರುಡೆಯೊಳಗೆ ರಕ್ತಸ್ರಾವ, ಮುರಿದ ಮೂಳೆಗಳು. ಕಿರಿಯ ವೈದ್ಯರು ಅವಕ್ಕೆ ಪೆಡಸು ಮೂಳೆಯ ರೋಗವೆಂದೋ ತಾನಾಗಿ ಆದ ರಕ್ತಸ್ರಾವವೆಂದೋ ಬರೆದು ಮುಗಿಸುತ್ತಿದ್ದರು. ಇದು ಅಜ್ಞಾನವಲ್ಲ. ತಂದೆತಾಯಿ ಹೀಗೆ ಮಾಡಿಯಾರೆಂದು ನಂಬಲು ಅವರ ಮನಸ್ಸು ಒಪ್ಪುತ್ತಿರಲಿಲ್ಲ. ಇಂಥ ಮಕ್ಕಳಲ್ಲಿ ತಲೆಯ ರಕ್ತಸ್ರಾವವೂ ಕೈಕಾಲ ಮೂಳೆಮುರಿತವೂ ಒಟ್ಟಿಗೆ ಕಾಣುವುದನ್ನು ಎಕ್ಸ್‌ರೇ ತಜ್ಞ ಜಾನ್ ಕ್ಯಾಫಿ 1946ರಲ್ಲೇ ಬರೆದಿದ್ದ. ಆದರೂ ಬೆರಳು ತೋರಿಸುವ ಧೈರ್ಯ ಹೆಚ್ಚಿನವರಿಗೆ ಬಂದಿರಲಿಲ್ಲ.

1962ರ ಜುಲೈನಲ್ಲಿ ಕೆಂಪೆ ಮತ್ತು ನಾಲ್ವರು ಸಹೋದ್ಯೋಗಿಗಳು ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ ‘ದ ಬ್ಯಾಟರ್ಡ್ ಚೈಲ್ಡ್ ಸಿಂಡ್ರೋಮ್’ ಎಂಬ ಲೇಖನ ಪ್ರಕಟಿಸಿದರು. 71 ಆಸ್ಪತ್ರೆಗಳಿಂದ ಒಂದು ವರ್ಷದ ಲೆಕ್ಕ ತರಿಸಿದಾಗ ಸಿಕ್ಕ ಪ್ರಕರಣಗಳು 302. ಸತ್ತ ಮಕ್ಕಳು 33. ಮಿದುಳಿಗೆ ಶಾಶ್ವತ ಹಾನಿಯಾದವರು 85. ಬಹುಪಾಲು ಮೂರು ವರ್ಷ ತುಂಬದ ಕೂಸುಗಳು. ಹೆತ್ತವರು ಹೇಳುವ ಕಾರಣಕ್ಕೂ ಗಾಯಕ್ಕೂ ಹೊಂದಿಕೆಯಾಗದಿದ್ದರೆ, ಎಕ್ಸ್‌ರೇಯಲ್ಲಿ ಹಳೆಯ ಮುರಿತ ಹೊಸ ಮುರಿತ ಜೊತೆಯಾಗಿ ಕಂಡರೆ, ವೈದ್ಯ ಸಂಶಯ ಪಡಲೇಬೇಕು. ಮಗುವಿಗೆ ಇನ್ನು ಅಪಾಯವಿಲ್ಲವೆಂದು ಖಾತ್ರಿಯಾಗುವ ತನಕ ಮನೆಗೆ ಕಳಿಸಬಾರದು. ಇದು ಲೇಖನದ ತಿರುಳು. 1967ರ ವೇಳೆಗೆ ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಇಂಥ ಸಂಶಯವನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು ಬಂತು. ವೈದ್ಯಕೀಯ ಲೇಖನವೊಂದು ಇಷ್ಟು ಬೇಗ ಕಾನೂನಾದದ್ದು ಅಪರೂಪ.

ಹೆತ್ತವರನ್ನು ಬರೀ ಅಪರಾಧಿಗಳೆಂದು ಕೆಂಪೆ ಕಾಣಲಿಲ್ಲ. ಅವರಲ್ಲಿ ಅನೇಕರು ಬಾಲ್ಯದಲ್ಲಿ ತಾವೇ ಹೊಡೆಸಿಕೊಂಡವರೆಂದು ಗಮನಿಸಿ, ಮನೆಗೆ ಹೋಗಿ ತಾಯಂದಿರಿಗೆ ಒತ್ತಾಸೆಯಾಗುವ ಸಾಮಾನ್ಯ ಜನರನ್ನು ತರಬೇತು ಮಾಡಿಸಿದ. 1972ರಲ್ಲಿ ಡೆನ್ವರ್‌ನಲ್ಲಿ ಇದಕ್ಕೆಂದೇ ಕೇಂದ್ರ ತೆರೆದ. ಅದಕ್ಕೆ ಈಗ ಈತನದೇ ಹೆಸರಿದೆ. ಹೆಂಡತಿ ರೂತ್ ಕೆಂಪೆ ಮನೋವೈದ್ಯೆ, ಈ ಕೆಲಸದಲ್ಲಿ ಸರಿಸಮಾನ ಪಾಲುದಾರೆ. 1970ರ ದಶಕದ ಕೊನೆಗೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಬಗ್ಗೆಯೂ ವೈದ್ಯರನ್ನು ಎಚ್ಚರಿಸಿದ. ದೌರ್ಜನ್ಯವನ್ನು ರೋಗದಂತೆ ನೋಡಿ ಬಡತನವನ್ನು ಹಿಂದಕ್ಕೆ ತಳ್ಳಲಾಯಿತೆಂಬ ಟೀಕೆ ಆ ಕಾಲದಲ್ಲೇ ಬಂತು, ಅದರಲ್ಲಿ ಹುರುಳಿಲ್ಲದಿಲ್ಲ.

ತಿಳಿದವರು ತಿಳಿಸಲೇಬೇಕೆಂಬ ಇದೇ ತತ್ತ್ವ ಭಾರತದಲ್ಲಿ 2012ರ ಪೋಕ್ಸೋ ಕಾಯ್ದೆಯಲ್ಲಿದೆ. ಅದರ 19ನೆಯ ಕಲಮಿನ ಪ್ರಕಾರ ಮಗುವಿನ ಮೇಲಿನ ಲೈಂಗಿಕ ಅಪರಾಧದ ಸುಳಿವು ಸಿಕ್ಕ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು; ಸುಮ್ಮನಿದ್ದರೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ ದಂಡ, ಅಥವಾ ಎರಡೂ. ವೈದ್ಯರಿಗೂ ವಿನಾಯಿತಿಯಿಲ್ಲ.