ಕೊನೇ ಹಳ್ಳಿಯ ಟಪಾಲಿಗೆ ಹೊಣೆ ಯಾರು?

ಅಂಚೆ ಇಲಾಖೆಯನ್ನು ಖಾಸಗಿಯವರಿಗೆ ವಹಿಸಬೇಕೆ ಎಂಬ ಪ್ರಶ್ನೆ ಎದ್ದಾಗಲೆಲ್ಲ ವಾದ ಎರಡು ಕಡೆಗೆ ಜಗ್ಗುತ್ತದೆ. ಒಬ್ಬರು ನಷ್ಟದ ಲೆಕ್ಕ ತೆಗೆಯುತ್ತಾರೆ: 2018-19ರಲ್ಲೇ ಇಲಾಖೆಯ ಕೊರತೆ ಸುಮಾರು 15,000 ಕೋಟಿ ರೂಪಾಯಿ. ಇನ್ನೊಬ್ಬರು ಖಾಕಿ ಚೀಲದ ನೆನಪು ತೆಗೆಯುತ್ತಾರೆ. ಇವರಿಬ್ಬರ ನಡುವೆ, ಕೇಳಲೇಬೇಕಾದ ಮಾತು ಹಿಂದೆ ಬೀಳುತ್ತದೆ. ತಾಲ್ಲೂಕು ಕೇಂದ್ರದಿಂದ ದೂರದ, ಬಸ್ಸು ಅಪರೂಪವಾದ ಊರಿಗೆ ಕಾಗದ, ಪಿಂಚಣಿ, ಎಟಿಎಂ ಕಾರ್ಡು ಮುಟ್ಟಿಸುವುದು ಯಾರ ಕರ್ತವ್ಯ? ಅದರ ಖರ್ಚು ಹೊರುವವರು ಯಾರು? ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಅಂಚೆ ಬೆಳೆದು ಬಂದ ದಾರಿಯನ್ನು ಹಿಡಿದು ಹೋದರೆ, ಖಾಸಗೀಕರಣ ಮುಂದೆಂದೋ ಬರುವ ಸಂಗತಿಯಾಗಿ ಕಾಣುವುದಿಲ್ಲ. ಅದು ಸದ್ದಿಲ್ಲದೆ, ತುಂಡು ತುಂಡಾಗಿ, ಪಟ್ಟಣದ ಕಡೆಯಿಂದ ಶುರುವಾಗಿ ದಶಕಗಳೇ ಆಗಿವೆ.

ಈ ಮೂರೂ ತಾಲ್ಲೂಕುಗಳು ನಿಜಾಮರ ಸೀಮೆಯಲ್ಲಿದ್ದವು. ಮೈಸೂರಿನವರಿಗೆ ಅಂಚೆಯ ಕಥೆ ಎಂದರೆ ಒಡೆಯರ ಕಾಲದ 'ಮೈಸೂರು ಅಂಚೆ'. ಅದು 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ಸೇರಿಹೋಯಿತು. ಹೈದರಾಬಾದ್ ಸಂಸ್ಥಾನ ಮಾತ್ರ 1869ರಿಂದ ತನ್ನದೇ ಅಂಚೆಚೀಟಿ ಹೊರಡಿಸಿ, ತನ್ನದೇ ಟಪಾಲು ಖಾತೆ ನಡೆಸಿತು. ಆ ಚೀಟಿ ಸಂಸ್ಥಾನದ ಒಳಗಷ್ಟೇ ನಡೆಯುತ್ತಿತ್ತು. ಗಡಿ ದಾಟುವ ಕಾಗದಕ್ಕೆ ಬ್ರಿಟಿಷ್ ಇಂಡಿಯಾದ ಚೀಟಿ ಬೇಕು. ಅಫಜಲಪುರದವರಿಗೆ ಇದರ ಅರ್ಥ ಏನಿತ್ತು ಎಂದು ಯೋಚಿಸಿ. ಭೀಮಾ ನದಿಯ ಆಚೆ ದಂಡೆ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆ. ಇಂಡಿ, ಸಿಂದಗಿಯ ಬೀಗರಿಗೆ ಬರೆಯುವ ಕಾಗದ ಪರರಾಜ್ಯದ ಕಾಗದ. ಅದಕ್ಕಿಂತ ಎಷ್ಟೋ ದೂರದ ಹೈದರಾಬಾದಿಗೆ ಬರೆಯುವುದು ಒಳನಾಡಿನ ಕಾಗದ. ಆಳಂದಕ್ಕೆ ಸೋಲಾಪುರವೂ ಹೀಗೆಯೇ. ಬಾಂಬೆಯಿಂದ ಕಲಬುರಗಿ ಹಾದು ರಾಯಚೂರು ಮುಟ್ಟಿದ ರೈಲು 1871ರ ಹೊತ್ತಿಗೇ ಓಡುತ್ತಿದ್ದರೂ ಆಳಂದ, ಅಫಜಲಪುರ, ಜೇವರ್ಗಿ ಪಟ್ಟಣಗಳನ್ನು ಅದು ಮುಟ್ಟಲಿಲ್ಲ. ಟಪಾಲು ರೈಲಿಳಿದ ಮೇಲಿನ ದಾರಿಯೇ ಇಲ್ಲಿ ಎಂದಿನಿಂದಲೂ ದುಬಾರಿ.

ಈ ದುಬಾರಿ ದಾರಿಗೆ ಹೊಸ ಒಡೆಯ ಬಂದದ್ದು ಪೊಲೀಸ್ ಕಾರ್ಯಾಚರಣೆಯ ನಂತರ. 1948ರ ಸೆಪ್ಟೆಂಬರ್ 17ರಂದು ಸಂಸ್ಥಾನ ಮಣಿಯಿತು. 1950ರ ಏಪ್ರಿಲ್ 1ರಂದು ನಿಜಾಮರ ಅಂಚೆ ಭಾರತೀಯ ಅಂಚೆಯಲ್ಲಿ ವಿಲೀನವಾಯಿತು. ಮೈಸೂರಿಗಿಂತ 61 ವರ್ಷ ತಡವಾಗಿ, ಈ ತಾಲ್ಲೂಕುಗಳಿಗೆ ಒಂದೇ ದೇಶದ ಒಂದೇ ದರ ಸಿಕ್ಕಿತು. ಆ 'ಒಂದೇ ದರ'ವೇ ಅಂಚೆಯ ಜೀವಾಳ. 1854ರ ಕಾಯಿದೆ ದೂರ ಎಷ್ಟೇ ಇರಲಿ, ಹಗುರ ಕಾಗದಕ್ಕೆ ಅರ್ಧ ಆಣೆ ಎಂದು ಗೊತ್ತುಮಾಡಿತ್ತು. ಬೆಂಗಳೂರಿನ ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಹೋಗುವ ಕಾಗದದಲ್ಲಿ ಉಳಿದ ದುಡ್ಡು, ಭೀಮಾ ತೀರದ ಹಳ್ಳಿಗೆ ಹೋಗುವ ಕಾಗದದ ನಷ್ಟವನ್ನು ತುಂಬಬೇಕು. ಹೀಗೆ ತುಂಬಬೇಕಾದರೆ ಪಟ್ಟಣದ ಕಾಗದ ಬೇರೆಯವರ ಕೈಗೆ ಹೋಗಬಾರದು. 1898ರ ಭಾರತೀಯ ಅಂಚೆ ಕಚೇರಿ ಕಾಯಿದೆಯ 4ನೇ ಕಲಮು ಪತ್ರ ಸಾಗಿಸುವ ಹಕ್ಕನ್ನು ಸರ್ಕಾರಕ್ಕಷ್ಟೇ ಮೀಸಲಿಟ್ಟದ್ದರ ಹಿಂದಿನ ಆರ್ಥಿಕ ನ್ಯಾಯ ಇದು.

ಸ್ವಾತಂತ್ರ್ಯ ಬಂದಾಗ ದೇಶದಲ್ಲಿದ್ದ ಅಂಚೆ ಕಚೇರಿಗಳು 23,344. ಈಗ ಅವು 1.64 ಲಕ್ಷಕ್ಕೂ ಹೆಚ್ಚು. ಹತ್ತರಲ್ಲಿ ಒಂಬತ್ತು ಹಳ್ಳಿಗಳಲ್ಲಿವೆ. 1972ರ ಆಗಸ್ಟ್ 15ರಂದು ಪಿನ್ ಕೋಡ್ ಬಂತು. ಅಫಜಲಪುರ 585301, ಆಳಂದ 585302, ಜೇವರ್ಗಿ 585310 ಆದವು. ಆದರೆ ಈ ವಿಸ್ತಾರ ಯಾರ ಹೆಗಲ ಮೇಲೆ ನಿಂತಿತು ಎಂಬುದನ್ನು ಖಾಸಗೀಕರಣದ ಪರ ಇರುವವರೂ ವಿರೋಧಿಸುವವರೂ ಅಷ್ಟಾಗಿ ಹೇಳುವುದಿಲ್ಲ. ನಾನು ಇಲ್ಲಿ ಸ್ವಲ್ಪ ಹೊತ್ತು ನಿಲ್ಲಲೇಬೇಕು.

ಹಳ್ಳಿಯ ಶಾಖಾ ಅಂಚೆ ಕಚೇರಿಯನ್ನು ನಡೆಸುವವರು ಇಲಾಖೆಯ ಕಾಯಂ ನೌಕರರಲ್ಲ. ಹತ್ತೊಂಬತ್ತನೇ ಶತಮಾನದಲ್ಲೇ ಶಾಲಾ ಮಾಸ್ತರರು, ಅಂಗಡಿಕಾರರಂಥವರಿಗೆ ಸಣ್ಣ ಸಂಭಾವನೆ ಕೊಟ್ಟು ಟಪಾಲು ನೋಡಿಕೊಳ್ಳಲು ಹೇಳಿದ ಪದ್ಧತಿ ಬೆಳೆದು 'ಇಲಾಖೇತರ' ನೌಕರರ ದೊಡ್ಡ ಪಡೆಯಾಯಿತು. 2001ರಲ್ಲಿ ಅವರಿಗೆ ಗ್ರಾಮೀಣ ಡಾಕ್ ಸೇವಕ್ ಎಂಬ ಹೆಸರು ಬಂತು. ದೇಶದಲ್ಲಿ ಇಂಥವರು ಎರಡೂವರೆ ಲಕ್ಷಕ್ಕೂ ಹೆಚ್ಚು. ಕೆಲಸ ದಿನಕ್ಕೆ ನಾಲ್ಕರಿಂದ ಐದು ತಾಸು ಎಂದು ಕಾಗದದ ಮೇಲೆ. ಕಚೇರಿಗೆ ಜಾಗ ಒದಗಿಸುವುದೂ ಶಾಖಾ ಪೋಸ್ಟ್ ಮಾಸ್ತರರದೇ ಹೊಣೆ; ಆದ್ದರಿಂದಲೇ ಎಷ್ಟೋ ಊರುಗಳಲ್ಲಿ ಕೆಂಪು ಡಬ್ಬಿ ಮನೆಯ ಪಡಸಾಲೆಯ ಗೋಡೆಗೆ ತೂಗುತ್ತದೆ. ಜೀವನಕ್ಕೆ ಬೇರೆ ಉತ್ಪನ್ನ ಇರಬೇಕು ಎಂಬುದು ಈ ಪದ್ಧತಿಯ ಮೂಲ ನಂಬಿಕೆ. ನಮ್ಮ ಕಡೆ ಆ ಬೇರೆ ಉತ್ಪನ್ನ ಎಂದರೆ ತೊಗರಿ, ಜೋಳದ ಒಣಬೇಸಾಯ. ಮಳೆ ಕೈಕೊಟ್ಟ ವರ್ಷ ಈ ನಂಬಿಕೆಯೂ ಕೈಕೊಡುತ್ತದೆ.

ಇವರು ಸರ್ಕಾರಿ ನೌಕರರೆ? 1977ರಲ್ಲಿ ರಾಜಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇವರದು ಸರ್ಕಾರದ ಅಡಿಯ ನಾಗರಿಕ ಹುದ್ದೆಯೇ ಎಂದು ಹೇಳಿತು. ಅದರಿಂದ ಏಕಾಏಕಿ ತೆಗೆದುಹಾಕುವುದರ ವಿರುದ್ಧ ರಕ್ಷಣೆ ಸಿಕ್ಕಿತು. ಕಾಯಂ ನೌಕರರ ಪಗಾರ, ಪಿಂಚಣಿ ಸಿಗಲಿಲ್ಲ. ಇವರ ಭತ್ಯೆ, ಸೇವಾ ಷರತ್ತುಗಳ ಕುರಿತು ಕಮಲೇಶ್ ಚಂದ್ರ ಸಮಿತಿ 2016ರಲ್ಲಿ ವರದಿ ಕೊಟ್ಟಿತು. ಅದು ಜಾರಿಯಾಗಲು 2018ರ ಮೇ-ಜೂನ್‌ನಲ್ಲಿ ಹದಿನಾರು ದಿನಗಳ ಮುಷ್ಕರ ನಡೆಯಬೇಕಾಯಿತು. ಆಮೇಲೆ ನಿಗದಿಯಾದ ಮೂಲ ಭತ್ಯೆ 10,000ದಿಂದ 14,500 ರೂಪಾಯಿ. ಸರ್ಕಾರಿ ಸೇವೆಯ ಹೊಣೆ ಪೂರ್ತಿ, ಹಕ್ಕು ಅರ್ಧ. ಖಾಸಗಿಯವರ ಕೈಗೆ ಹೋದರೆ ನೌಕರರ ಶೋಷಣೆಯಾಗುತ್ತದೆ ಎಂದು ಹೇಳುವ ಮುಂಚೆ ಸರ್ಕಾರವೇ ಇಷ್ಟು ಕಾಲ ಏನು ಮಾಡಿತು ಎಂಬುದನ್ನು ಒಪ್ಪಿಕೊಳ್ಳಬೇಕು. ಹಳ್ಳಿಯ ಅಂಚೆಯ ನಿಜವಾದ ಸಬ್ಸಿಡಿ ದೆಹಲಿಯ ಬೊಕ್ಕಸದಿಂದ ಬಂದಷ್ಟೇ ಈ ಸೇವಕರ ಕಡಿಮೆ ಪಗಾರದಿಂದಲೂ ಬಂದಿದೆ ಎಂದು ನಾನು ನಂಬುತ್ತೇನೆ.

ಲಾಭದ ತುದಿ ಕಳಚತೊಡಗಿದ್ದು ಎಂಬತ್ತರ ದಶಕದಲ್ಲಿ. 1983ರಲ್ಲಿ ಬ್ಲೂ ಡಾರ್ಟ್, 1990ರಲ್ಲಿ ಬೆಂಗಳೂರಿನಲ್ಲೇ ಡಿಟಿಡಿಸಿ ಎಂಬ ಕೊರಿಯರ್ ಕಂಪನಿಗಳು ಬಂದವು. ಪತ್ರ ಸಾಗಿಸುವುದು ಕಾನೂನಿಗೆ ವಿರುದ್ಧವಾದ್ದರಿಂದ ಕೊರಿಯರ್‌ನವರು 'ದಾಖಲೆ' ಸಾಗಿಸಿದರು. ಬ್ಯಾಂಕು, ಕಂಪನಿ, ವಕೀಲರ ಲಕೋಟೆಗಳು, ಅಂದರೆ ದುಡ್ಡು ತರುವ ಟಪಾಲು ಅವರ ಚೀಲ ಸೇರಿತು. ಇಲಾಖೆ 1986ರ ಆಗಸ್ಟ್ 1ರಂದು ಸ್ಪೀಡ್ ಪೋಸ್ಟ್ ತಂದು ಉತ್ತರ ಕೊಟ್ಟಿತು. ಅದು ನಿಜಕ್ಕೂ ಒಳ್ಳೆಯ ಉತ್ತರ. ಅದಕ್ಕೆ ಒಂದು ವರ್ಷ ಮೊದಲು, 1985ರಲ್ಲಿ, ದೂರವಾಣಿಯನ್ನು ಅಂಚೆಯಿಂದ ಬೇರೆ ಮಾಡಲಾಗಿತ್ತು. ಮುಂದೆ ಬಂಗಾರದ ಮೊಟ್ಟೆ ಇಡಲಿದ್ದ ಮಗು ಬೇರೆ ಮನೆಗೆ ಹೋಯಿತು. ಅಂಚೆ ಕಾರ್ಡು ಹಳೇ ಮನೆಯಲ್ಲೇ ಉಳಿಯಿತು. 2006ರಲ್ಲಿ 300 ಗ್ರಾಂ ಒಳಗಿನ ಪತ್ರಗಳನ್ನು ಇಲಾಖೆಗೇ ಮೀಸಲಿಡುವ ಕರಡು ಮಸೂದೆ ಬಂದು, ಕೊರಿಯರ್‌ನವರ ವಿರೋಧದಲ್ಲಿ ಕರಗಿತು. 2014ರಲ್ಲಿ ಟಿ.ಎಸ್.ಆರ್. ಸುಬ್ರಮಣಿಯನ್ ಕಾರ್ಯಪಡೆ ಇಲಾಖೆಯನ್ನು ಒಂದು ಮಾತೃಕಂಪನಿಯ ಕೆಳಗೆ ಐದು ಘಟಕಗಳಾಗಿ ಒಡೆಯಲು ಹೇಳಿತು. ಅದರಲ್ಲಿ ನಾವು ಕಂಡದ್ದು ಬ್ಯಾಂಕು ಮಾತ್ರ.

ಆ ಬ್ಯಾಂಕು ಈ ಮೂರು ತಾಲ್ಲೂಕುಗಳಲ್ಲಿ ಅಂಚೆಯ ಅರ್ಥವನ್ನೇ ಬದಲಿಸಿದೆ. ಇಲ್ಲಿಂದ ದುಡಿಯಲು ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರಿಗೆ ಹೋಗುವವರು ಬಹಳ. 1880ರಲ್ಲಿ ಶುರುವಾದ ಮನಿಯಾರ್ಡರ್ ಎಷ್ಟೋ ತಲೆಮಾರುಗಳ ಕಾಲ ಅವರ ಮನೆಯ ಒಲೆ ಉರಿಸಿತು. ಸಂಧ್ಯಾ ಸುರಕ್ಷಾ, ವಿಧವಾ ವೇತನವೂ ಪೋಸ್ಟಮನ್ ಕೈಯಿಂದಲೇ ಬರುತ್ತಿತ್ತು. ಕಾಗದದ ಮನಿಯಾರ್ಡರ್ 2015ರ ಹೊತ್ತಿಗೆ ಮುಗಿಯಿತು. 2018ರ ಸೆಪ್ಟೆಂಬರ್ 1ರಂದು ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಬಂದು, ಸೇವಕರ ಕೈಗೆ ಬಂದ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿದರೆ ಬೇರೆ ಬ್ಯಾಂಕಿನ ಖಾತೆಯ ಹಣವೂ ಮನೆ ಬಾಗಿಲಲ್ಲಿ ಸಿಗುವಂತಾಯಿತು. 2020ರ ಲಾಕ್‌ಡೌನಿನಲ್ಲಿ ಇದರ ಬೆಲೆ ಎಲ್ಲರಿಗೂ ತಿಳಿಯಿತು. 2023ರಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿ ಶುರುವಾದಾಗ, ಆಧಾರ್ ಜೋಡಣೆಯ ತಕರಾರಿನಲ್ಲಿ ಸಿಕ್ಕಿದ ಹೆಣ್ಣುಮಕ್ಕಳು ಅಂಚೆ ಬ್ಯಾಂಕಿನಲ್ಲಿ ಹೊಸ ಖಾತೆ ತೆರೆಯಲು ಸಾಲುಗಟ್ಟಿದರು. ನೆಟ್‌ವರ್ಕ್ ಸಿಗದ ದಿನ, ಸವೆದ ಬೆರಳಿನ ಗುರುತು ಯಂತ್ರಕ್ಕೆ ಹತ್ತದ ದಿನ ಇದೇ ಸೇವೆ ವಯಸ್ಸಾದವರನ್ನು ಗೋಳಾಡಿಸುವುದೂ ನಿಜ. ಆದರೂ ಪರ್ಯಾಯ ಎಂದರೆ ಬಸ್ ಛಾರ್ಜು ಕೊಟ್ಟು, ಕೂಲಿ ಬಿಟ್ಟು, ತಾಲ್ಲೂಕಿನ ಬ್ಯಾಂಕಿಗೆ ಹೋಗುವುದು.

ಕೊರಿಯರ್‌ನ ಅನುಭವ ಇದರ ಪಕ್ಕದಲ್ಲಿ ಇಟ್ಟು ನೋಡಬೇಕು. ಆಳಂದ, ಜೇವರ್ಗಿ ಪಟ್ಟಣದೊಳಗೆ ಪಾರ್ಸಲ್ ಬೇಗ ಬರುತ್ತದೆ, ಅದನ್ನು ಅಲ್ಲಗಳೆಯುವಂತಿಲ್ಲ. ಹಳ್ಳಿಯ ವಿಳಾಸವಾದರೆ ಪಟ್ಟಣದಿಂದ ಫೋನ್ ಬರುತ್ತದೆ, ಬಂದು ಒಯ್ಯಿರಿ ಎಂದು. ಅವರನ್ನು ಬೈಯುವುದರಲ್ಲಿ ಅರ್ಥವಿಲ್ಲ. ಒಂದು ಪೊಟ್ಟಣಕ್ಕಾಗಿ ಇಪ್ಪತ್ತು ಕಿಲೋಮೀಟರ್ ಪೆಟ್ರೋಲು ಸುಡಲು ಅವರಿಗೆ ಯಾವ ಕಾಯಿದೆಯೂ ಹೇಳಿಲ್ಲ.

ಹೊರದೇಶಗಳು ಈ ದಾರಿಯಲ್ಲಿ ನಮಗಿಂತ ಮುಂದೆ ನಡೆದಿವೆ. ನ್ಯೂಜಿಲೆಂಡ್ ಅಂಚೆಯನ್ನು ಕಂಪನಿ ಮಾಡಿದ ಮರುವರ್ಷವೇ, 1988ರ ಫೆಬ್ರವರಿಯಲ್ಲಿ, 432 ಅಂಚೆ ಕಚೇರಿಗಳನ್ನು ಮುಚ್ಚಿತು. ಅರ್ಜೆಂಟೀನಾ 1997ರಲ್ಲಿ ಖಾಸಗಿಗೆ ಕೊಟ್ಟದ್ದನ್ನು 2003ರಲ್ಲಿ ಹಿಂದಕ್ಕೆ ಪಡೆಯಿತು. ಬ್ರಿಟನ್ 2013ರಲ್ಲಿ ರಾಯಲ್ ಮೇಲ್ ಷೇರು ಮಾರಿತು. ತಡವಾದ ವಿತರಣೆಗೆ ಅದು ಕೋಟ್ಯಂತರ ಪೌಂಡ್ ದಂಡ ತೆತ್ತಿತು, 2025ರಲ್ಲಿ ಎರಡನೇ ದರ್ಜೆಯ ಕಾಗದವನ್ನು ದಿನ ಬಿಟ್ಟು ದಿನ ಹಂಚಲು ಅನುಮತಿ ಪಡೆಯಿತು. ಜರ್ಮನಿಯ ಕಥೆ ಬೇರೆ. ಅದು 2000ದಲ್ಲಿ ಷೇರು ಮಾರುವ ಮುಂಚೆ, 1994ರಲ್ಲೇ, ದೇಶದ ಎಲ್ಲೆಡೆ ಸಾಕಷ್ಟು ಅಂಚೆ ಸೇವೆ ಇರುವಂತೆ ನೋಡಿಕೊಳ್ಳುವ ಹೊಣೆಯನ್ನು ಸಂವಿಧಾನದೊಳಗೆ ಬರೆದುಕೊಂಡಿತು. ನನ್ನ ಮಟ್ಟಿಗೆ ಇಡೀ ಚರ್ಚೆಯಲ್ಲಿ ಕಲಿಯಬೇಕಾದದ್ದು ಈ ಅನುಕ್ರಮವನ್ನು: ಮೊದಲು ಹೊಣೆ, ಆಮೇಲೆ ಮಾರಾಟ. ಜೊತೆಗೆ, ಸರ್ಕಾರದ ಕೈಯಲ್ಲಿದ್ದರೆ ಸಾಕು ಎಂಬ ನೆಮ್ಮದಿಯೂ ಬೇಡ. ಡೆನ್ಮಾರ್ಕಿನಲ್ಲಿ 2025ರ ಕೊನೆಗೆ ಕಾಗದ ಹಂಚುವುದನ್ನೇ ನಿಲ್ಲಿಸಿದ ಪೋಸ್ಟ್‌ನಾರ್ಡ್ ಸರ್ಕಾರಗಳದೇ ಕಂಪನಿ.

ನಾವು ಹಿಡಿದ ದಾರಿ? 2023ರ ಅಂಚೆ ಕಚೇರಿ ಕಾಯಿದೆ 1898ರದನ್ನು ರದ್ದುಮಾಡಿ, 2024ರ ಜೂನ್ 18ರಂದು ಜಾರಿಗೆ ಬಂತು. ಪತ್ರ ಸಾಗಣೆಯ ಏಕಸ್ವಾಮ್ಯ ಅದರಲ್ಲಿ ಇಲ್ಲ. ಅಂಚೆಚೀಟಿ ಹೊರಡಿಸುವ ಹಕ್ಕಷ್ಟೇ ಇಲಾಖೆಗೆ ಉಳಿದಿದೆ. ಏಕಸ್ವಾಮ್ಯ ಹೇಗೂ ಕಾಗದದ ಮೇಲಷ್ಟೇ ಇತ್ತು, ಅದು ಹೋದದ್ದಕ್ಕೆ ಅಳಬೇಕಿಲ್ಲ. ಆದರೆ ಅದರ ಜೋಡಿಯಾಗಿದ್ದ ಹಳ್ಳಿಯ ಹೊಣೆಯನ್ನು ಹೊಸದಾಗಿ ಯಾರ ಮೇಲೆ ಹಾಕಬೇಕೆಂದು ಸಂಸತ್ತು ಯೋಚಿಸಲಿಲ್ಲ. ಕೊರಿಯರ್ ಕಂಪನಿಗಳ ಮೇಲಂತೂ ಏನೂ ಬರಲಿಲ್ಲ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನಲ್ಲಿ ಸೇರಿತು. ಹಗುರ ಲಕೋಟೆಗೆ ಖರ್ಚು ಏರಿತು. ಒಂದೊಂದೇ ಪುಸ್ತಕವನ್ನು ಹಳ್ಳಿಯ ಓದುಗರಿಗೆ ಕಳಿಸುವ ಸಣ್ಣ ಪ್ರಕಾಶಕರಿಗೆ, ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಂತದ್ದು ಅದಕ್ಕೂ ಮೊದಲಿನ ಪೆಟ್ಟು.

ನಷ್ಟದ ಲೆಕ್ಕಕ್ಕೆ ಬರೋಣ. ಇಲಾಖೆಯ ಖರ್ಚಿನ ಬಹುಪಾಲು ಸಂಬಳ ಮತ್ತು ನಿವೃತ್ತರ ಪಿಂಚಣಿ. ಉಳಿತಾಯ ಖಾತೆಗಳ ಹಣ ರಾಷ್ಟ್ರೀಯ ಸಣ್ಣ ಉಳಿತಾಯ ನಿಧಿಗೆ ಹೋಗುತ್ತದೆ. ಖಾತೆ ನೋಡಿಕೊಂಡದ್ದಕ್ಕೆ ಇಲಾಖೆಗೆ ಸಿಗುವುದು ಹಣಕಾಸು ಸಚಿವಾಲಯ ಗೊತ್ತುಮಾಡಿದ ಸಂಭಾವನೆ. ಹೀಗಿರುವಾಗ ಹಳ್ಳಿಯ ಶಾಖೆಯೇ ನಷ್ಟದ ಮೂಲ ಎನ್ನುವುದು ಅವಸರದ ತೀರ್ಮಾನ. ಹೊಸ ಶಾಖೆ ತೆರೆಯುವಾಗ ಸಾಮಾನ್ಯ ಪ್ರದೇಶದಲ್ಲಿ ಖರ್ಚಿನ ಮೂರನೇ ಒಂದು ಭಾಗ ಆದಾಯ ಬರಬೇಕು; ಗುಡ್ಡಗಾಡು, ಬುಡಕಟ್ಟು ಮುಂತಾದ ಪ್ರದೇಶಗಳಿಗೆ ಶೇಕಡ 15 ಸಾಕು. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳನ್ನು ಗುರುತಿಸಿದಾಗ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿದ್ದವು. ಇಲ್ಲಿನ ಹಳ್ಳಿಗಳನ್ನು ಅಳೆಯಬೇಕಾದದ್ದು ಆ ಎರಡನೇ ಅಳತೆಗೋಲಿನಿಂದ.

ಹಣ ಎಲ್ಲಿಂದ ಎಂಬುದಕ್ಕೆ ಮಾದರಿ ನಮ್ಮ ದೇಶದಲ್ಲೇ ಇದೆ. ಅಂಚೆಯಿಂದ ಬೇರೆಯಾದ ದೂರಸಂಪರ್ಕ ಕ್ಷೇತ್ರ ಖಾಸಗಿಗೆ ತೆರೆದುಕೊಂಡಾಗ, ಕಂಪನಿಗಳ ಆದಾಯದ ಶೇಕಡ 5ರಷ್ಟನ್ನು ಹಳ್ಳಿಗಳ ಸಂಪರ್ಕಕ್ಕೆ ಎತ್ತಿಡುವ ನಿಧಿ ಬಂತು. 2023ರ ದೂರಸಂಪರ್ಕ ಕಾಯಿದೆ ಅದನ್ನು ಡಿಜಿಟಲ್ ಭಾರತ್ ನಿಧಿ ಎಂಬ ಹೆಸರಿನಲ್ಲಿ ಉಳಿಸಿಕೊಂಡಿತು. ಆ ಕಾಯಿದೆಗೂ ಅಂಚೆ ಕಾಯಿದೆಗೂ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು ಒಂದೇ ದಿನ, 2023ರ ಡಿಸೆಂಬರ್ 24. ಒಂದರಲ್ಲಿ ಹಳ್ಳಿಗೆ ನಿಧಿ ಇದೆ, ಇನ್ನೊಂದರಲ್ಲಿ ಇಲ್ಲ. ಕೊರಿಯರ್ ಮತ್ತು ಇ-ವಾಣಿಜ್ಯ ಕಂಪನಿಗಳಿಂದ ಅಂಥದೇ ಒಂದು ಪಾಲು ಎತ್ತಿ, ಶಾಖಾ ಕಚೇರಿಯ ಬಾಡಿಗೆ, ಸೇವಕರ ಪಿಂಚಣಿ, ಹಳ್ಳಿಯ ವಿತರಣೆಗೆ ಕೊಡುವುದು ಸಾಧ್ಯ. ಅದಕ್ಕೆ ಮುಂಚೆ ಒಂದು ಕೆಲಸ ಆಗಬೇಕು: ಲೈಸೆನ್ಸಿನ ಚೌಕಟ್ಟೇ ಇಲ್ಲದೆ ನಡೆಯುತ್ತಿರುವ ಕೊರಿಯರ್ ವ್ಯವಹಾರಕ್ಕೆ ನೋಂದಣಿ, ಮತ್ತು ಯಾವ ಪಿನ್ ಕೋಡಿಗೆ ಎಷ್ಟು ಮನೆ ಬಾಗಿಲು ಮುಟ್ಟಿದರು ಎಂಬುದರ ಪ್ರತಿವರ್ಷದ ಬಹಿರಂಗ ಲೆಕ್ಕ. 585301, 585302, 585310ರ ಆ ಲೆಕ್ಕ ಕೈಗೆ ಬಂದ ದಿನ, ಯಾರಿಗೆ ಏನನ್ನು ಮಾರಬಹುದು ಎಂಬ ಮಾತನ್ನು ಎದುರು ಕೂತು ಆಡಬಹುದು.