ಬರೆಯದ ಕಟ್ಟಳೆ

ರಾಜ್ಯಾಂಗದ ಬಲವೆಲ್ಲವೂ ಅದರ ಲಿಖಿತ ವಿಧಿಗಳಲ್ಲಿಯೇ ಅಡಗಿರುವುದೆಂದು ಭಾವಿಸುವುದು ಸಹಜವಾಗಿದೆ. ಆದರೆ ಬರಹಕ್ಕಿಳಿಯದ ಕೆಲವು ಕಟ್ಟಳೆಗಳು ದಿವಾನರನ್ನೂ ಶಾಸನಸಭೆಗಳನ್ನೂ ಹದ್ದಿನಲ್ಲಿಟ್ಟ ದೃಷ್ಟಾಂತಗಳು ಕನ್ನಡನಾಡಿನ ಚರಿತ್ರೆಯಲ್ಲಿಯೇ ದೊರೆಯುತ್ತವೆ.

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳು ಕಲ್ಲುಬೆಟ್ಟಗಳ, ಅಲ್ಪವೃಷ್ಟಿಯ ಸೀಮೆ. ಇಲ್ಲಿ ಪಾಳೆಯಗಾರರು ದುರ್ಗಗಳನ್ನು ಕಟ್ಟಿ ಆಳಿದರು. 1687ರಲ್ಲಿ ಸಿರಾ ಮೊಗಲರ ಸುಬೆಯ ಮುಖ್ಯಪಟ್ಟಣವಾಯಿತು. ಕಾಲಕ್ರಮದಲ್ಲಿ ಈ ಸೀಮೆಯೆಲ್ಲವೂ ಮೈಸೂರು ಸಂಸ್ಥಾನಕ್ಕೆ ಸೇರಿತು. ಪ್ರಭುಗಳು ಬದಲಾದರೂ, ರೈತನಿಂದ ಎತ್ತಿದ ಹಣ ಏನಾಯಿತೆಂಬುದನ್ನು ರೈತನ ಎದುರಿನಲ್ಲಿ ಹೇಳತಕ್ಕ ಸಭೆಯೊಂದು ಇರಲಿಲ್ಲ.

1876–78ರ ಮಹಾಕ್ಷಾಮವು ಸಂಸ್ಥಾನದಲ್ಲಿ ಸುಮಾರು ಹತ್ತು ಲಕ್ಷ ಜನರನ್ನು ಬಲಿ ತೆಗೆದುಕೊಂಡಿತು. ಅದರ ಗಾಯ ಮಾಯುವ ಮೊದಲೇ, 1881ರ ಮಾರ್ಚಿಯಲ್ಲಿ, ರಾಜ್ಯವು ಮರಳಿ ಒಡೆಯರ ವಂಶಕ್ಕೆ ಬಂದಿತು. ಅದೇ ವರ್ಷದ ಆಗಸ್ಟ್ 25ರಂದು ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕರೆಯುವ ಆಜ್ಞೆ ಹೊರಟು, ಅಕ್ಟೋಬರ್ 7ರಂದು ದಸರೆಯ ಸಮಯದಲ್ಲಿ 144 ಮಂದಿ ಸೇರಿದರು. ತಾಲ್ಲೂಕುಗಳ ಹಿರಿಯ ರೈತರೂ ಪ್ರಮುಖ ವರ್ತಕರೂ ಅವರಲ್ಲಿದ್ದರು.

ಈ ಸಭೆಗೆ ಶಾಸನದ ಆಧಾರವಿರಲಿಲ್ಲ. ಕಾನೂನು ಮಾಡುವ ಅಧಿಕಾರವಾಗಲಿ, ಕರವನ್ನು ತಡೆಯುವ ಅಧಿಕಾರವಾಗಲಿ ಇರಲಿಲ್ಲ. ಆದರೂ ದಿವಾನರು ವರ್ಷಂಪ್ರತಿ ಆಯವ್ಯಯಗಳನ್ನು ವಿವರಿಸುವುದು, ಪ್ರತಿನಿಧಿಗಳು ತಮ್ಮ ಸೀಮೆಯ ಕುಂದುಕೊರತೆಗಳನ್ನು ಅರಿಕೆ ಮಾಡುವುದು, ಸರ್ಕಾರವು ಉತ್ತರ ಕೊಡುವುದು ವಾಡಿಕೆಯಾಗಿ ನೆಲೆಗೊಂಡಿತು. ಮೊದಲ ವರ್ಷ ಅನುಗ್ರಹವಾಗಿದ್ದುದು ಕೆಲವು ವರ್ಷಗಳಲ್ಲಿ ಕರ್ತವ್ಯವಾಯಿತು. 1891ರಲ್ಲಿ ಚುನಾವಣೆಯೂ ಬಂದಿತು. ಸಭೆಗೆ ಶಾಸನದ ಆಧಾರ ದೊರೆತದ್ದು 1923ರಲ್ಲಿ. ಅಲ್ಲಿಯವರೆಗಿನ 42 ವರ್ಷ ಅದನ್ನು ನಡೆಸಿದುದು ವಾಡಿಕೆಯೇ.

ಆದರೆ ವಾಡಿಕೆಯ ದೌರ್ಬಲ್ಯವನ್ನೂ ಕಾಣಬೇಕು. ಮತವು ಆಸ್ತಿವಂತರಿಗೂ ವಿದ್ಯಾವಂತರಿಗೂ ಮಾತ್ರ ಇದ್ದಿತು; ಕೂಲಿಯಾಳಿನ ಕಷ್ಟವನ್ನು ಅವನೇ ಹೇಳಲು ಅಲ್ಲಿ ಎಡೆಯಿರಲಿಲ್ಲ. ಸರ್ವರ ಹಕ್ಕನ್ನು ಬರಹದಲ್ಲಿಯೇ ಸ್ಥಾಪಿಸಬೇಕಾಯಿತು. 1950ರ ಸಂವಿಧಾನ ಅದನ್ನು ಮಾಡಿತು.

ಹಾಗಾದರೆ ಬರೆಯದ ಕಟ್ಟಳೆಯ ಕೆಲಸ ಮುಗಿಯಿತೆ? ಬರೆದವರೇ ಅಳಿಸಲು ಹೊರಟರೆ ತಡೆಯುವುದು ಯಾವುದು? ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿನ ಮುಂದೆ ತಂದದ್ದು ಕಾಸರಗೋಡು ಸೀಮೆಯ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳ ಮೊಕದ್ದಮೆ. 1973ರ ಏಪ್ರಿಲ್ 24ರಂದು 13 ನ್ಯಾಯಾಧೀಶರ ಪೀಠವು 7–6ರ ಬಹುಮತದಿಂದ, ಸಂಸತ್ತು ಸಂವಿಧಾನವನ್ನು ತಿದ್ದಬಹುದೇ ಹೊರತು ಅದರ ಮೂಲ ರಚನೆಯನ್ನು ಕೆಡಿಸಕೂಡದೆಂದು ತೀರ್ಮಾನಿಸಿತು. ‘ಮೂಲ ರಚನೆ’ ಎಂಬ ಮಾತು ಸಂವಿಧಾನದ ಯಾವ ವಿಧಿಯಲ್ಲಿಯೂ ಇಲ್ಲ.

ಮೂರೇ ವರ್ಷಗಳಲ್ಲಿ ಪರೀಕ್ಷೆ ಬಂದಿತು. ತುರ್ತು ಪರಿಸ್ಥಿತಿಯಲ್ಲಿ ಬಂಧಿತರಾದವರು ನ್ಯಾಯಾಲಯಕ್ಕೆ ಮೊರೆಯಿಡಬಹುದೆಂದು ಕರ್ನಾಟಕದ ಹೈಕೋರ್ಟೂ ಸೇರಿದಂತೆ ಹಲವು ಹೈಕೋರ್ಟುಗಳು ಹೇಳಿದ್ದರೂ, ಸುಪ್ರೀಂ ಕೋರ್ಟು 1976ರಲ್ಲಿ 4–1ರಿಂದ ಬಾಗಿಲು ಮುಚ್ಚಿತು. ಜೀವವೂ ಸ್ವಾತಂತ್ರ್ಯವೂ ಸಂವಿಧಾನದ ದಾನವಲ್ಲ, ಅದಕ್ಕೂ ಮುಂಚೆ ಇದ್ದವು ಎಂಬುದು ಭಿನ್ನಮತವಿತ್ತ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರ ವಾದದ ಸಾರ. 2017ರ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, 9 ನ್ಯಾಯಾಧೀಶರು ಒಮ್ಮತದಿಂದ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದರು. 1976ರ ತೀರ್ಪೂ ಅಂದೇ ತಳ್ಳಿಹೋಯಿತು.

ಆ ನಡುವಣ 41 ವರ್ಷಗಳೇ ಇಲ್ಲಿಯ ಪಾಠ. ಬರಹವಿದ್ದೂ ಹಕ್ಕು ಸೋಲಬಹುದು. ಬರಹವಿಲ್ಲದೆಯೂ ಕಟ್ಟಳೆ ನಿಲ್ಲಬಹುದು. ಎರಡನ್ನೂ ಉಳಿಸುವುದು ಲೆಕ್ಕ ಕೇಳುವ ಪ್ರಜೆಯ ಅಭ್ಯಾಸ. ಆ ಅಭ್ಯಾಸಕ್ಕೆ ಮೈಸೂರು ಸಂಸ್ಥಾನದ ತಾಲ್ಲೂಕುಗಳಲ್ಲಿ 1881ರಿಂದಲೂ ಬೇರಿದೆ.